ಹತ್ತು ಎಣಿಸುವಷ್ಟು ಹೊತ್ತು

ನಮ್ಮ ಊರು ನೋಡಲು ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಕಿಟಕಿಯಿಂದ ಎಷ್ಟು ಬೇಕಾದರೂ ನೋಡಿ, ಬಾಗಿಲು ಮಾತ್ರ ಮುಟ್ಟಬೇಡಿ. ಇಷ್ಟು ಹೇಳಿದ ಮೇಲೂ ಗುಂಪಿಗೆ ಒಬ್ಬನಾದರೂ ಚಿಲಕದ ಮೇಲೆ ಕೈಯಿಡುತ್ತಾನೆ. "ಕೈ ತೆಗೀರಿ! ನಿಮ್ಮೂರಲ್ಲೂ ಹೀಗೇ ಕಂಡೋರ ಬಾಗ್ಲು ತಳ್ತೀರಾ?" ಎಂದು ನಾನು ಬಾಯಿ ಮಾಡಿದರೆ ಆರಡಿ ಗಂಡಸರೂ ಹಿಂದೆ ಸರಿಯುತ್ತಾರೆ. ಈ ದೇವೀರಮ್ಮನ ಬಾಯಿ ದೊಡ್ಡದು ಎಂದು ನಮ್ಮತ್ತೆಯ ಕಾಲದಿಂದಲೂ ಹೆಸರಾಗಿದೆ. ಈಗ ಅದು ಕೆಲಸಕ್ಕೆ ಬಂದಿದೆ.

ಬರುವವರೂ ಸಾಮಾನ್ಯದವರಲ್ಲ. ಮರಳು ಕಿಟಕಿಯವರೆಗೆ ತುಂಬಿದ ಮನೆಗಳನ್ನು ಕಂಡವರು, ಆಸ್ಪತ್ರೆಯ ವಾರ್ಡಿನೊಳಗೆ ಮರ ಬೆಳೆದದ್ದನ್ನು ಕಂಡವರು, ನೀರು ಹಿಂದೆ ಸರಿದು ಹಡಗು ಬರಿ ನೆಲದ ಮೇಲೆ ಕೂತದ್ದನ್ನು ಕಂಡವರು. ಜನ ಬಿಟ್ಟುಹೋದ ಜಾಗಗಳನ್ನು ಹುಡುಕಿಕೊಂಡು ದೇಶ ದೇಶ ಅಲೆಯುವುದೇ ಅವರಿಗೆ ತೀರ್ಥಯಾತ್ರೆ. ಒಮ್ಮೆ ಟೋಪಿ ಹಾಕಿದವನೊಬ್ಬ, "ಅಮ್ಮಾ, ಪ್ರಪಂಚದಲ್ಲಿ ನೋಡಲೇಬೇಕಾದ ಪಾಳೂರುಗಳ ಪಟ್ಟೀಲಿ ನಿಮ್ಮೂರು ಒಂಬತ್ತನೇದು" ಎಂದು ಹಲ್ಲುಬಿಟ್ಟ. "ಪಾಳು ಅನ್ಬೇಡಪ್ಪಾ. ನಾನಿದೀನಿ, ನಮ್ಮ ಯಜಮಾನ್ರಿದಾರೆ, ಹಲೀಮಾಬಿ ಇದಾಳೆ, ಅವಳ ಎರಡು ಮೇಕೆ ಇದಾವೆ" ಎಂದೆ. ಪುಣ್ಯಾತ್ಮ ಮೇಕೆಗಳನ್ನೂ ಬರೆದುಕೊಂಡ.

ಇಲ್ಲಿ ಗಾಜಿನ ಕಾರ್ಖಾನೆ ಇತ್ತು. ಮುನ್ನೂರು ಮನೆ, ಒಂದು ಶಾಲೆ, ಒಂದು ಸಣ್ಣ ಆಸ್ಪತ್ರೆ. ಒಳಗೆ ಗುಳ್ಳೆ ಬಿದ್ದ ಗಾಜು, ಅಲೆ ಅಲೆಯಾಗಿ ಬಂದ ಗಾಜು ಮಾರಾಟಕ್ಕೆ ಹೋಗದೆ ಕೆಲಸಗಾರರ ಮನೆಗೆ ಬರುತ್ತಿತ್ತು. ಹಾಗಾಗಿ ನಮ್ಮ ಕಿಟಕಿಗಳು ಬಾಗಿಲಿನಷ್ಟು ದೊಡ್ಡವು. ಯಾರ ಮನೆಯಲ್ಲಿ ಏನು ಸಾರು ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮ ಯಜಮಾನರು ಮರಿಸ್ವಾಮಿ ಕಾರ್ಖಾನೆಯಲ್ಲಿ ಗಾಜು ಕೊಯ್ಯುವವರು. ಮದುವೆಯಾದ ವರ್ಷ ಒಂದು ಗುಳ್ಳೆಗಾಜನ್ನು ತಾವೇ ಆರಿಸಿ ತಂದು ನಮ್ಮ ಮನೆಯ ಕಿಟಕಿಗೆ ಕೂರಿಸಿದರು. "ನೋಡು, ನಕ್ಷತ್ರ ಚೆಲ್ಲಿದಂಗಿದೆ ಕಣೇ" ಎಂದರು. ಆಗೆಲ್ಲ ಅವರ ಮಾತಿನ ಕೊನೆಗೆ ಒಂದು 'ಕಣೇ' ಇದ್ದೇ ಇರುತ್ತಿತ್ತು. ಉಪ್ಪು ಕೊಡು ಕಣೇ, ಮಳೆ ಬರ್ತದೆ ಕಣೇ, ನೀನೊಬ್ಬಳು ಕಣೇ. ಆಮೇಲೆ ಅದು ನಿಂತುಹೋಯಿತು.

ನಮ್ಮ ಊರಿನಲ್ಲಿ ಮನೆಯಿಂದ ಕೊನೆಯವರು ಹೊರಗೆ ಬಂದು ಬಾಗಿಲು ಎಳೆದುಕೊಂಡರೆ ಒಳಗಿನದೆಲ್ಲ ಇದ್ದ ಹಾಗೇ ನಿಲ್ಲುತ್ತದೆ. ಮತ್ತೆ ಯಾರಾದರೂ ಹೊಸಿಲು ದಾಟಿದರೆ ಹತ್ತು ಎಣಿಸುವಷ್ಟು ಹೊತ್ತು ಎಲ್ಲ ಬಿಟ್ಟಲ್ಲಿಂದಲೇ ಸಾಗುತ್ತದೆ, ಆಮೇಲೆ ಕಾದಿದ್ದ ಹೊತ್ತೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ಯಾಕೆ ಹೀಗಿಲ್ಲ ಎಂದು ನಾನು ಕೇಳಿದ್ದೇನೆಯೇ? ಬೆಳಿಗ್ಗೆ ಉದ್ದಿನಬೇಳೆ ನೆನೆಹಾಕಿ ಸಂತೆಗೆ ಹೋದರೆ, ಸಂಜೆ ಬಂದು ಒಳಗೆ ಕಾಲಿಟ್ಟು ಹತ್ತು ಎಣಿಸಬೇಕು. ಬೇಳೆ ಪಾತ್ರೆಯಲ್ಲಿ ಒಮ್ಮೆಗೇ ಉಬ್ಬುತ್ತದೆ. ಒಲೆ ಆರಿಸದೆ ಹೋದವಳ ಮನೆಯಲ್ಲಿ ಹತ್ತು ಮುಗಿದೊಡನೆ ಸಾರು ಕುದಿದು, ಬತ್ತಿ, ತಳ ಹಿಡಿದು, ಬೆಂಕಿ ಆರಿ, ಎಲ್ಲ ಒಂದೇ ಸಲಕ್ಕೆ ಆಗಿಹೋಗುತ್ತಿತ್ತು. ಹೊಸ ಸೊಸೆಯಂದಿರು ಒಂದೆರಡು ಪಾತ್ರೆ ಸುಟ್ಟು ಕಲಿಯುತ್ತಿದ್ದರು.

ನಿದ್ದೆ ಹೋದವರು ಒಳಗಿದ್ದರೂ ಇಲ್ಲದ ಹಾಗೇ. ಎಚ್ಚರವಿದ್ದ ಕೊನೆಯವರು ಹೊರಬಂದರೆ ಮಲಗಿದವರೂ ಮನೆಯ ಜೊತೆಗೆ ನಿಲ್ಲುತ್ತಾರೆ. ಅದಕ್ಕೇ ಮಗು ಮಲಗಿರುವಾಗ ತಾಯಿ ಹೊರಗೆ ಹೋಗಬೇಕಾದರೆ ಪಕ್ಕದವರನ್ನು "ಒಂಚೂರು ಎಚ್ಚರ ಕೂತ್ಕೊಳ್ರೀ" ಎಂದು ಕರೆಯುವುದು ಇಲ್ಲಿಯ ಪದ್ಧತಿ. ನಮ್ಮ ಬೀದಿಯಲ್ಲಿ ಎಲ್ಲರ ಮನೆಗೂ ಎಚ್ಚರ ಕೂರುತ್ತಿದ್ದವಳು ಹಲೀಮಾಬಿ. ಅರ್ಧ ಗಂಟೆ ನಿಂತರೆ ಏನೂ ಆಗುವುದಿಲ್ಲ, ಮಗು ಏಳುವಾಗ ಸ್ವಲ್ಪ ಹೆಚ್ಚು ಹಸಿದಿರುತ್ತದೆ. ದಿನಗಟ್ಟಲೆ ನಿಂತರೆ ಮಾತ್ರ ಅನ್ನ ನೀರಿಲ್ಲದ ದಿನಗಳೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ.

ಕಾರ್ಖಾನೆ ಮುಚ್ಚಿದಾಗ ಜನ ಇನ್ನೊಂದು ತಿಂಗಳಿಗೆ ತೆರೆದೇ ತೆರೆಯುತ್ತಾರೆ ಎಂದು ನಂಬಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಲಾರಿ ಹತ್ತಿದರು. ಯಾರೂ ತಿರುಗಿ ಬರಲಿಲ್ಲ. ಆ ಮನೆಗಳನ್ನೇ ನಾನು ತೋರಿಸುವುದು. ಒಂದು ಮನೆಯಲ್ಲಿ ಹಾಲು ಪಾತ್ರೆಯ ಅಂಚಿನವರೆಗೆ ಉಕ್ಕಿ ನಿಂತಿದೆ. ಇನ್ನೊಂದರಲ್ಲಿ ಲಾರಿಯ ಹಾರನ್ ಕೇಳಿ ಮಕ್ಕಳು ಬಿಟ್ಟು ಓಡಿದ ಬುಗುರಿ ನೆಲದ ಮೇಲೆ ಓರೆಯಾಗದೆ ನಿಂತಿದೆ. ಶಾಲೆಯಲ್ಲಿ ಡಸ್ಟರ್ ಕೊಡವಿದ ಸೀಮೆಸುಣ್ಣದ ಪುಡಿ ಗಾಳಿಯಲ್ಲೇ ಇದೆ. ಬಿಟ್ಟುಹೋದ ಹೊತ್ತಿನ ಬೆಳಕೂ ಒಳಗೇ ನಿಲ್ಲುವುದರಿಂದ ಒಂದೊಂದು ಕಿಟಕಿಯಲ್ಲಿ ಒಂದೊಂದು ಹೊತ್ತು. ನಮ್ಮ ಬೀದಿಗೆ ದೀಪದ ಕಂಬ ಬೇಕಿಲ್ಲ.

ಒಳಗಿನದನ್ನು ಹತ್ತರೊಳಗೆ ಹೊರಗೆ ತಂದುಬಿಟ್ಟರೆ ಆಯಿತಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಅವರಿಗೆ ನಾನು ಫಿಟ್ಟರ್ ವೆಂಕಟಾಚಲನ ಕಥೆ ಹೇಳುತ್ತೇನೆ. ಊರು ಬಿಟ್ಟು ನಾಲ್ಕು ವರ್ಷಕ್ಕೆ ಅವನ ಹೆಂಡತಿ ಬೇರೆ ಊರಿನಲ್ಲಿ ತೀರಿಕೊಂಡಳು. ಅವಳು ಹೊರಡುವ ದಿನ ಮಾಡಿಟ್ಟಿದ್ದ ಹೋಳಿಗೆ ಇನ್ನೂ ಅಡುಗೆಮನೆಯಲ್ಲಿ ಬಿಸಿಯಾಗಿದೆ ಎಂದು ನೆನಪಾಗಿ ಬಂದ. ಓಡಿ ಹೋಗಿ ತಟ್ಟೆ ಎತ್ತಿಕೊಂಡು ಬೀದಿಗೆ ಬಂದು ತುಂಡು ಮುರಿದು ಬಾಯಿಗಿಟ್ಟ. ಹತ್ತಾಯಿತು. ಬೀದಿಯಲ್ಲಿ ನಿಂತರೂ ಅವನ ಕೈಯಲ್ಲಿದ್ದ ತಟ್ಟೆಯಲ್ಲಿ ಕಪ್ಪು ಪುಡಿ ಬಿಟ್ಟು ಏನೂ ಉಳಿಯಲಿಲ್ಲ. ಒಂದು ತುತ್ತು ಸಿಕ್ಕಿತಲ್ಲ ಬಿಡು ಎಂದು ನಾನೇ ಸಮಾಧಾನ ಹೇಳಿದೆ.

ಎಲ್ಲ ನೋಡಿ ಮುಗಿದ ಮೇಲೆ ಗುಂಪನ್ನು ಕೊನೆಯ ಸಾಲಿಗೆ ಕರೆದುಕೊಂಡು ಹೋಗುತ್ತೇನೆ. ಅವರ ಪುಸ್ತಕಗಳಲ್ಲೆಲ್ಲ ಈ ಕಿಟಕಿಯ ಪಟವೇ ಮೊದಲು ಇರುತ್ತದಂತೆ. ಒಳಗೆ ಯಾವಾಗಲೂ ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಮಂಚದ ಮೇಲೆ ಏಳು ವರ್ಷದ ಹುಡುಗಿಯೊಬ್ಬಳು ಗೋಡೆಯ ಕಡೆಗೆ ಸ್ವಲ್ಪ ವಾಲಿ ಮಲಗಿದ್ದಾಳೆ. ಒಂದು ಜಡೆ ಬಿಚ್ಚಿದೆ. ಜ್ವರ ಬಂದಿತ್ತು, ಸಂಜೆ ದಾಟುವುದಿಲ್ಲ ಎಂದರು, ತಾಯಿ ಬಾಗಿಲು ಎಳೆದುಕೊಂಡು ಹೊರಗೆ ಬಂದಳು, ಇಪ್ಪತ್ತೆರಡು ವರ್ಷವಾಯಿತು ಎನ್ನುತ್ತೇನೆ. ಒಬ್ಬರಾದರೂ "ಎಂಥಾ ತಾಯಿ ಇರಬಹುದು!" ಎನ್ನುತ್ತಾರೆ. "ಹೌದು, ಎಂಥಾ ತಾಯಿಯೋ" ಎಂದು ನಾನೂ ಎನ್ನುತ್ತೇನೆ. ಆ ತಾಯಿ ನಾನೇ. ಮಗಳ ಹೆಸರು ಅಂಬುಜ. ನಾವು ಅಂಬು ಎನ್ನುತ್ತಿದ್ದೆವು.

ತೋರಿಸುವುದು ಯಾಕೆ ಎಂದು ಹಲೀಮಾಬಿ ಒಮ್ಮೆ ಬೈದಳು. ಈ ಗುಂಪುಗಳು ನೋಡಲು ಬರುತ್ತವೆ ಎಂಬ ಒಂದೇ ಕಾರಣಕ್ಕೆ ಸರ್ಕಾರದವರು ಈ ಸಾಲನ್ನು ಕೆಡವದೆ ಬಿಟ್ಟಿದ್ದಾರೆ, ಗೊತ್ತಾ ಎಂದೆ. ಹೆತ್ತ ಮಗಳನ್ನು ಊರವರಿಗೆಲ್ಲ ತೋರಿಸಿಕೊಂಡು ನಿಲ್ಲಬೇಕಾದ ಗತಿ ಯಾರಿಗೂ ಬೇಡ. ಮೊದಮೊದಲು ಎರಡು ಮಾತು ಹೇಳಿ ಗುಂಪನ್ನು ಬೇಗ ಹೊರಡಿಸಿಬಿಡುತ್ತಿದ್ದೆ. ಆಮೇಲೆ ಬಾಯಿ ತಾನಾಗಿ ಹೇಳತೊಡಗಿತು, ನಾನು ಅವಳ ಬಿಚ್ಚಿದ ಜಡೆಯನ್ನು ನೋಡುತ್ತ ನಿಲ್ಲುತ್ತಿದ್ದೆ.

ಆ ದಿನದ ಸಂಗತಿ ಇಷ್ಟು. ಮೂರು ದಿನದಿಂದ ಮಗುವಿನ ಮೈ ಕೆಂಡವಾಗಿತ್ತು. ಒದ್ದೆ ಬಟ್ಟೆ ಹಾಕಿ ಹಾಕಿ ನನ್ನ ಕೈ ಸುಕ್ಕಾಗಿತ್ತು. ಡಾಕ್ಟರು ರಜೆಯ ಮೇಲಿದ್ದರು, ಕಾಂಪೌಂಡರ್ ರುದ್ರಯ್ಯ ಬೆಳಿಗ್ಗೆ ಬಂದು ಎರಡು ಸೂಜಿ ಕೊಟ್ಟು, ನಮ್ಮನ್ನು ಹೊರಗೆ ಕರೆದು, "ಕೈಕಾಲು ತಣ್ಣಗಾದ್ರೆ ಮುಗೀತು ಅಂತ ತಿಳ್ಕೊಳಿ. ಸಂಜೆ ದಾಟೋದು ಕಷ್ಟ ತಾಯಿ" ಎಂದ. ಮಧ್ಯಾಹ್ನದವರೆಗೆ ಹೊರಳಾಡುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾಯಿತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದ ಇವರು ತಲೆಯೆತ್ತಿ, "ಕೈ ತಣ್ಣಗಾಗ್ತಾ ಇದೆ ಕಣೇ" ಎಂದರು. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅಳುತ್ತಿದ್ದರು.

ನಾನು ಅಳಲಿಲ್ಲ, ಯೋಚನೆ ಮಾಡಿದೆ. ಅದೇ ನಾನು ಮಾಡಿದ ತಪ್ಪು. "ಗೇಟಿನ ಹತ್ರ ರುದ್ರಯ್ಯ ಕರೀತಿದಾರೆ, ಏನೋ ಬೇರೆ ಔಷಧಿ ಸಿಕ್ತಂತೆ, ಓಡಿ" ಎಂದು ಸುಳ್ಳು ಹೇಳಿ ಇವರನ್ನು ಎಬ್ಬಿಸಿ ಕಳಿಸಿದೆ. ಕೊನೆಯದಾಗಿ ಒಂದು ಸಲ ಹಣೆ ಮುಟ್ಟಬೇಕು ಎಂದು ಕೈ ಚಾಚಿದೆ. ಮುಟ್ಟಲಿಲ್ಲ. ಮುಟ್ಟಿ ಅವಳಿಗೆ ಎಚ್ಚರವಾದರೆ ಮನೆ ನಿಲ್ಲುವುದಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ತುದಿಗಾಲಿನಲ್ಲಿ ಹೊರಗೆ ಬಂದು, ಬಾಗಿಲು ಎಳೆದೆ. ಗಿಳಿಗೂಟಕ್ಕೆ ನೇತುಹಾಕಿದ್ದ ಅವಳ ಶಾಲೆಯ ಚೀಲ ತೂಗಾಡುತ್ತಿದ್ದದ್ದು ಕಿಟಕಿಯಲ್ಲಿ ನಿಂತುಹೋಯಿತು.

ಇವರು ಗೇಟಿನಿಂದ ಓಡಿ ಬಂದವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತ ನನ್ನನ್ನು ನೋಡಿದರು. ಅವರಿಗೆ ಹೇಳುವುದೇ ಬೇಡ, ಈ ಊರಿನವರಲ್ಲವೇ. "ಬಿಡು. ಅದರ ಕೈ ಹಿಡ್ಕೊಂಡು ಕೂತಿರ್ತೀನಿ. ಹೋಗೋದಾದ್ರೂ ಒಂಟಿಯಾಗಿ ಹೋಗ್ಬಾರದು" ಎಂದರು. "ನನ್ನ ಹೆಣ ದಾಟ್ಕೊಂಡು ಹೋಗಿ" ಎಂದೆ. ಆಣೆ ಹಾಕಿದೆ, ಕಾಲಿಗೆ ಬಿದ್ದೆ. ನಾಳೆ ದೊಡ್ಡ ಡಾಕ್ಟರು ಬರ್ತಾರೆ, ಅವರು ಕಿಟಕಿಯಿಂದ ನೋಡಿ ಏನಾದರೂ ದಾರಿ ಹೇಳ್ತಾರೆ ಎಂದೆ. ಅವರು ಮೆಟ್ಟಿಲ ಮೇಲೆ ಕೂತರು. ಮಾರನೆಯ ದಿನ ಬಂದ ಡಾಕ್ಟರು ಗಾಜಿಗೆ ಮೂಗು ಹಚ್ಚಿ ನೋಡಿ, ನಾಡಿ ಮುಟ್ಟದೆ ಏನು ಹೇಳಲಿ ಎಂದು ಕೈಚೆಲ್ಲಿದರು. ಒಳಗೆ ಕಾಲಿಟ್ಟರೆ ಒಂದು ದಿನದ ಜ್ವರವೆಲ್ಲ ಒಟ್ಟಿಗೆ ಅವಳ ಮೇಲೆ ಬೀಳುತ್ತದೆ. ಇನ್ನೊಂದು ದಿನ ಕಾದರೆ ಎರಡು ದಿನದ್ದು. ಹೀಗೆ ದಿನ ಹೆಚ್ಚಿದಷ್ಟೂ ಬಾಗಿಲು ಭಾರವಾಯಿತು. ವರ್ಷ ತುಂಬುವಷ್ಟರಲ್ಲಿ ಜ್ವರದ ಮಾತೇ ಉಳಿಯಲಿಲ್ಲ. ಅನ್ನ ನೀರಿಲ್ಲದ ಒಂದು ವರ್ಷವನ್ನು ಯಾವ ಮಗು ತಡೆಯುತ್ತದೆ?

ಎದುರುಮನೆ ಖಾಲಿಯಿತ್ತು, ಅದರಲ್ಲಿ ಇದ್ದೆವು. ಅವರು ನನ್ನನ್ನು ಹೊಡೆಯಲಿಲ್ಲ, ಬಿಟ್ಟು ಹೋಗಲಿಲ್ಲ. ಬೇಕಾದ ಮಾತು ಆಡುತ್ತಿದ್ದರು. ಅಕ್ಕಿ ತಂದಿದೀನಿ. ಮೇಕೆ ಒಳಗೆ ಬಂದಿದೆ. ಆ ಮಾತುಗಳ ಕೊನೆಯಲ್ಲಿ ಏನೂ ಇರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಂಬುವಿನ ಕಿಟಕಿಯನ್ನು ಹೊರಗಿನಿಂದ ಒರೆಸುತ್ತಿದ್ದರು. ಗುಳ್ಳೆ ಇದ್ದ ಕಡೆ ಬಟ್ಟೆ ಎರಡು ಸಲ ಆಡಿಸುತ್ತಿದ್ದರು. ಅವಳ ಹಣೆಯ ಮೇಲೆ ಸಣ್ಣಗೆ ಹೊಳೆಯುತ್ತಿದ್ದದ್ದು ಆ ಗುಳ್ಳೆಗಳೇ ಎಂದು ನಾವಿಬ್ಬರೂ ತಿಳಿದಿದ್ದೆವು.

ಕಾರ್ಖಾನೆಯ ಮನೆಗಳೆಲ್ಲ ಒಂದೇ ನಕ್ಷೆಯವು. ಅವರು ಎದುರುಮನೆಯಲ್ಲೂ ಅಂಬುವಿನ ಮಂಚ ಇದ್ದ ಜಾಗದಲ್ಲೇ ತಮ್ಮ ಮಂಚ ಹಾಕಿಕೊಂಡರು. ದಿನಾ ಸಂಜೆ ಹೊಸಿಲ ಹೊರಗೆ ನಿಂತು, ಒಂದು ಎಂದು ಬಲಗಾಲು ಒಳಗಿಟ್ಟು, ನಾಲ್ಕು ಎನ್ನುವಷ್ಟರಲ್ಲಿ ಮಂಚದ ಪಕ್ಕ ಮಂಡಿಯೂರುತ್ತಿದ್ದರು. ಆರು ಉಳಿಯುತ್ತಿತ್ತು. ಮಂಡಿ ನೋವು ಬಂದ ಮೇಲೆ ತಲುಪಲು ಐದಾಗತೊಡಗಿತು. ಆಗ ಎಣ್ಣೆ ಹಚ್ಚಿಕೊಂಡು, ಬಿಸಿನೀರು ಹಾಕಿಕೊಂಡು, ಮತ್ತೆ ನಾಲ್ಕಕ್ಕೆ ತಂದರು. ಈ ಮುದುಕನಿಗೆ ಏನು ಹುಚ್ಚು ಎಂದು ಯಾರಾದರೂ ಅಂದುಕೊಂಡಾರು. ನಾನು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಕೇಳಿಸದವಳ ಹಾಗೆ ಇರುತ್ತಿದ್ದೆ.

ಒಳಗೆ ಹೊತ್ತು ನಿಂತರೂ ಹೊರಗೋಡೆಗೆ ಮಳೆ ಬಿಸಿಲು ತಪ್ಪುವುದಿಲ್ಲವಲ್ಲ. ಈ ವರ್ಷ ಹಿಂದಿನ ಗೋಡೆ ಬಿರಿಯಿತು. ಬಿರುಕಿನಲ್ಲಿ ಒಳಹೊಕ್ಕ ಇರುವೆಯ ಸಾಲು ಅಲ್ಲೇ ನಿಂತಿತು; ಮನುಷ್ಯರು ದಾಟಬೇಕು, ಇಲ್ಲವೇ ಮನೆ ಬೀಳಬೇಕು, ಆಗಲೇ ನಿಂತದ್ದು ಮುರಿಯುವುದು. ಇವರು ಮಣ್ಣು ಮೆತ್ತಿದರು, ಕೊಯ್ದ ಗಾಜಿನ ಪಟ್ಟಿ ಒಳಸೇರಿಸಿದರು, ಬೊಂಬು ಆನಿಸಿದರು. ಒಂದು ವಾರದ ಮಳೆಗೆ ಬಿರುಕು ಅಂಗೈ ಅಗಲವಾಯಿತು. ಗೋಡೆ ನೋಡಲು ಬಂದ ಇಂಜಿನಿಯರ್ ಹುಡುಗ ತೊಲೆಯ ಹೊರತುದಿಯನ್ನು ಕೋಲಿನಿಂದ ಚುಚ್ಚಿದ. ಕೋಲು ಒಳಗೇ ಹೋಯಿತು, ಎಲ್ಲ ಗೆದ್ದಲು. "ಇನ್ನೊಂದು ಜೋರು ಮಳೆ ಸಾಕು ಅಜ್ಜಿ. ಸಾಲಿಗೆ ಸಾಲೇ ಕೂತ್ಕೊಳತ್ತೆ" ಎಂದ. ಅವನ ಮುಖವೂ ಸಣ್ಣಗಾಗಿತ್ತು.

ಅವತ್ತು ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಲೇ ಹೇಳಿದರು. "ಗೋಡೆ ಬಿದ್ದು ಹೋದ್ರೆ ಅದು ಒಂಟಿಯಾಗಿ ಹೋಗ್ತದೆ. ಮಣ್ಣಿನ ಅಡೀಲಿ. ಇಪ್ಪತ್ತೆರಡು ವರ್ಷ ನಿನ್ನ ಮಾತು ಕೇಳಿದೀನಿ. ಇದೊಂದು ನನ್ನ ಮಾತು ಕೇಳು." ಸಾಯುತ್ತಿದ್ದ ಮಗುವನ್ನು ಸಾಯಲು ಬಿಡದೆ ಹಿಡಿದಿಟ್ಟಿದ್ದೇನೆ, ಇನ್ನು ಬಿಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. "ಗುರುವಾರ ಹೋಗೋಣ. ಮೂರು ಗಂಟೆಗೆ. ಒಳಗಿನ ಬಿಸಿಲೂ ಹೊರಗಿನ ಬಿಸಿಲೂ ಒಂದೇ ಆಗಿರ್ತದೆ" ಎಂದೆ. "ಹೂಂ" ಎಂದರು. ಆಮೇಲೆ ನನ್ನ ಲೋಟಕ್ಕೆ ನೀರು ಬಗ್ಗಿಸಿದರು. ಹಾಗೆ ಮಾಡಿ ಬಹಳ ವರ್ಷವಾಗಿತ್ತು.

ಬುಧವಾರ ಒಂದು ಗುಂಪು ಬರುವುದಿತ್ತು. ಬೇಡ ಎನ್ನಬಹುದಿತ್ತು, ಆದರೆ ಮನೆಯಲ್ಲಿ ಕೂತು ಏನು ಮಾಡಲಿ? ಇವರು ಆಗಲೇ ಹಲೀಮಾಬಿಯ ಜೊತೆ ಗುಡ್ಡದ ಕಡೆ ಗುಂಡಿ ತೋಡಲು ಹೋಗಿದ್ದರು. ಗುಂಪಿನಲ್ಲಿ ಆರು ಜನ. ಅವರಲ್ಲಿ ನೆರೆತ ಕೂದಲಿಗೆ ಗಿಡ್ಡ ಕ್ರಾಪು ಮಾಡಿಸಿಕೊಂಡ ಹೆಂಗಸೊಬ್ಬರು, ಹೆಸರು ಮೃಣಾಲಿನಿ, ಮಕ್ಕಳ ಡಾಕ್ಟರಾಗಿದ್ದವರಂತೆ. ಕತ್ತಿನಲ್ಲಿ ದೊಡ್ಡ ಕ್ಯಾಮೆರಾ. ಕೊನೆಯ ಕಿಟಕಿಯಲ್ಲಿ ನಾನು ಬಾಯಿಪಾಠ ಒಪ್ಪಿಸುತ್ತಿದ್ದಾಗ ಅವರು ಕಾಣಲಿಲ್ಲ. ಹಿಂದುಗಡೆಯಿಂದ ಕೂಗಿದರು. "ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ."

ಓಡಿದೆ. ಅವರು ಬಿರುಕಿಗೆ ಕ್ಯಾಮೆರಾ ಹಚ್ಚಿ ನಿಂತಿದ್ದರು. "ಅಲ್ಲೇನ್ ನೋಡ್ತೀರಿ? ಮುಂದುಗಡೆ ಅಷ್ಟುದ್ದ ಕಿಟಕಿ ಇಲ್ವಾ?" ಎಂದು ರೇಗಿದೆ.

"ಮುಂದಿನ ಗಾಜಲ್ಲಿ ಗುಳ್ಳೆ, ಏನೂ ಸರಿಯಾಗಿ ಕಾಣಲ್ಲ. ಈ ಮಗು ಉಳಿಯಲ್ಲ ಅಂತ ಹೇಳಿದ್ದು ಯಾರು?"

"ಕಾಂಪೌಂಡರ್. ಕೈಕಾಲು ತಣ್ಣಗಾಗಿತ್ತು."

"ತಣ್ಣಗಾಗಿತ್ತಾ" ಎಂದು ಅವರು ಮತ್ತೆ ಬಿರುಕಿಗೆ ಕ್ಯಾಮೆರಾ ಹಚ್ಚಿದರು. ಆಮೇಲೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಪಟವನ್ನು ದೊಡ್ಡದು ಮಾಡಿ 'ನೋಡಿ' ಎಂದು ನನ್ನ ಮುಂದೆ ಹಿಡಿದರು. ನನ್ನ ಕಣ್ಣಿಗೆ ಪೊರೆ ಬಂದಿದೆ. ಆದರೂ ಅಷ್ಟು ಹತ್ತಿರದಿಂದ ಅಂಬುವಿನ ಮುಖ ನೋಡಿ ಇಪ್ಪತ್ತೆರಡು ವರ್ಷವಾಗಿತ್ತು. ಹುಬ್ಬಿನ ಪಕ್ಕದ ಮಚ್ಚೆ ಎಡಗಡೆ ಇತ್ತು. ನಾನು ಬಲಗಡೆ ಎಂದು ನೆನಪಿಟ್ಟುಕೊಂಡಿದ್ದೆ.

"ಹಣೆ ಮೇಲೆ ಹನಿ ಹನಿ ಇದೆ ನೋಡಿ. ಇದು ಬೆವರು. ಮೇಲ್ತುಟಿ ಮೇಲೂ ಇದೆ, ಕತ್ತಲ್ಲೂ ಇದೆ. ದಿಂಬು ಒದ್ದೆ. ಸೆಕೆಯಾಗಿ ಹೊದಿಕೆ ಒದ್ದುಬಿಟ್ಟಿದಾಳೆ. ಜ್ವರ ಬಿಡುವಾಗ ಮಕ್ಕಳು ಹೀಗೇ ಬೆವರೋದು. ಇದ್ದಕ್ಕಿದ್ದಂಗೆ ಸುಮ್ಮನಾಗಿ, ಮೈ ತಣ್ಣಗಾಗಿ, ಹೀಗೇ ಗಾಢವಾಗಿ ಮಲಗೋದು" ಎಂದರು.

"ಹಂಗಂದ್ರೆ?" ಎಂದೆ. ಅರ್ಥವಾಗಿತ್ತು, ಆದರೂ ಕೇಳಿದೆ.

"ಹಂಗಂದ್ರೆ ಈ ಮಗು ಹುಷಾರಾಗ್ತಿತ್ತು ಅಮ್ಮಾ. ನಲವತ್ತು ವರ್ಷ ಇದೇ ನೋಡಿದೀನಿ. ಪಾಪ, ಆ ತಾಯಿ ಒಂದರ್ಧ ಗಂಟೆ ತಡೆದಿದ್ರೆ ಎದ್ದು ಕೂತು ಗಂಜಿ ಕೇಳ್ತಿತ್ತು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬಂದದ್ದು ಬುದ್ಧಿಯೂ ಅಲ್ಲ. ಹಣೆ ಮುಟ್ಟಲು ಚಾಚಿ ಹಿಂದಕ್ಕೆ ಎಳೆದುಕೊಂಡ ಕೈ ಇದೇ ಅಲ್ಲವೇ ಎಂದು ನನ್ನ ಬಲಗೈಯನ್ನು ನೋಡುತ್ತ ನಿಂತೆ. ಮುಟ್ಟಿದ್ದರೆ ಬೆರಳಿಗೆ ಬೆವರು ಹತ್ತುತ್ತಿತ್ತು. ಅವತ್ತು ಸಂಜೆ ಇವರು ನನ್ನನ್ನು ತಳ್ಳಿ ಒಳಗೆ ಹೋಗಿದ್ದರೂ ಸಾಕಿತ್ತು, ಮಗು ಹಸಿವು ಎನ್ನುತ್ತ ಏಳುತ್ತಿತ್ತು. ಈಗ ಅವಳಿಗೆ ಇಪ್ಪತ್ತೊಂಬತ್ತಾಗಿರುತ್ತಿತ್ತು. ನಾನು ಸಾವಿನಿಂದ ಹಿಡಿದಿಟ್ಟಿದ್ದೇನೆ ಎಂದುಕೊಂಡದ್ದು ಸುಳ್ಳು, ಬದುಕುವ ಮಗುವನ್ನು ನಾನೇ ಬಾಗಿಲು ಹಾಕಿ ಕೊಂದಿದ್ದೆ.

"ಆ ಪಟ ಅಳಿಸಿಬಿಡಿ" ಎಂದೆ.

"ಯಾಕಮ್ಮಾ?"

"ಅದರ ಅಪ್ಪ ಇನ್ನೂ ಈ ಊರಲ್ಲೇ ಇದಾರೆ. ಅವರಿಗೆ ಗೊತ್ತಾಗ್ಬಾರದು."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಯಾವ ಗುಂಪಿನವರೂ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಅವರ ಕೈ ಬಾಯಿಗೆ ಹೋಯಿತು. "ಅಯ್ಯೋ, ನಾನು ಹೇಳ್ಬಾರದಿತ್ತು" ಎಂದರು. ಪಟವನ್ನು ಅಳಿಸಿದರು, ನನಗೆ ತೋರಿಸಿಯೇ ಅಳಿಸಿದರು. ನಾನು ಗೋಣಿತಾಟನ್ನು ಬಿರುಕಿನ ಮೇಲೆ ಇಳಿಬಿಟ್ಟು ನಾಲ್ಕು ಕಲ್ಲು ಹೇರಿದೆ. ಉಳಿದವರು ಮುಂದುಗಡೆ ಕಿಟಕಿಯ ಹತ್ತಿರ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು.

ಸಂಜೆ ಇವರು ಗುಂಡಿ ತೋಡಿ ಬಂದು ಕೈಕಾಲು ತೊಳೆಯುತ್ತ, "ಬಂದಿದ್ದೋರು ಏನಾದ್ರೂ ಅಂದ್ರಾ?" ಎಂದು ಕೇಳಿದರು. ಯಾವತ್ತೂ ಕೇಳದವರು ಅವತ್ತೇ ಕೇಳಿದರು. ಹೇಳಿಬಿಡಲೇ ಎಂದು ಬಾಯಿಯವರೆಗೆ ಬಂತು. ಹೇಳಿದರೆ ನಾಳೆ ಅವರು ಹೇಗೆ ಒಳಗೆ ಹೋಗುತ್ತಾರೆ? ಸಾಯುವ ಮಗುವಿನ ಕೈ ಹಿಡಿಯಲು ಹೋಗುವುದು ಬೇರೆ, ಬದುಕುವ ಮಗುವಿನ ಮೇಲೆ ಇಪ್ಪತ್ತೆರಡು ವರ್ಷ ಕೆಡವಲು ಹೋಗುವುದು ಬೇರೆ. ಹೋಗದಿದ್ದರೆ ಗೋಡೆ ಬೀಳುತ್ತದೆ. "ಏನಿಲ್ಲ. ಚೆನ್ನಾಗಿದೆ ಊರು ಅಂದ್ರು" ಎಂದೆ. ದೊಡ್ಡ ಬಾಯಿಯ ದೇವೀರಮ್ಮ ಅವತ್ತು ಬಾಯಿಗೆ ಬೀಗ ಹಾಕಿಕೊಂಡಳು.

ಗುರುವಾರ ಮಳೆ ಹೊಳವಾಗಿ ಬಿಸಿಲು ಬಂದಿತ್ತು. ಹಲೀಮಾಬಿ ತನ್ನ ಪೆಟ್ಟಿಗೆಯಿಂದ ಹೊಸ ಬಿಳಿ ಪಂಚೆ ತಂದು, ಮಡಿಕೆ ಬಿಡಿಸದೆ ಕಟ್ಟೆಯ ಮೇಲಿಟ್ಟಳು. "ನಾನು ಅವತ್ತು ಎಚ್ಚರ ಕೂರೋಕೆ ಬರಬೇಕಿತ್ತು ಅಕ್ಕಾ, ನೀ ಕರೀಲೇ ಇಲ್ಲ" ಎಂದು ಸೆರಗು ಬಾಯಿಗಿಟ್ಟು ಅತ್ತಳು. ಇವರು ತಲೆಗೆ ಸ್ನಾನ ಮಾಡಿ, ಕಾರ್ಖಾನೆಯ ದಿನಗಳ ನೀಲಿ ಅಂಗಿ ಹಾಕಿಕೊಂಡಿದ್ದರು. ಅಂಬು ಎಚ್ಚರವಾಗಿ ನೋಡಿದರೆ ಗುರುತು ಸಿಗಬೇಕಲ್ಲ ಎಂದರು. ಬೆಳಿಗ್ಗೆಯಿಂದ ಎಂಟು ಸಲ ಎದುರುಮನೆಯಲ್ಲಿ ಹೊಸಿಲು ದಾಟಿ ನೋಡಿದ್ದರು, ಎಂಟು ಸಲವೂ ನಾಲ್ಕಕ್ಕೆ ತಲುಪಿದ್ದರು.

"ಇಬ್ರೂ ಹೋಗೋಣ" ಎಂದರು.

"ನೀವು ಮುಂದೆ ಹೋಗಿ. ನಾನು ಹಿಂದೇನೇ ಬರ್ತೀನಿ" ಎಂದೆ. ಬಾಗಿಲನ್ನು ನಾನೇ ತೆರೆದೆ. ಎಳೆದವಳು ನಾನೇ ಅಲ್ಲವೇ. ಒಳಗಿನ ಮೂರು ಗಂಟೆಯ ಬಿಸಿಲು ಹೊರಗಿನ ಬಿಸಿಲಿಗೆ ಸೇರಿಕೊಂಡಿತು. ಕುದಿಸಿದ ಜೀರಿಗೆ ನೀರಿನ ವಾಸನೆ ಬಂತು, ಅವತ್ತು ಬೆಳಿಗ್ಗೆ ನಾನೇ ಮಾಡಿಟ್ಟದ್ದು. ಇವರು ಬಲಗಾಲು ಒಳಗಿಟ್ಟರು.

ನಾನು ಹೊಸಿಲ ಹೊರಗೇ ನಿಂತು ಎಣಿಸಿದೆ. ಎರಡು, ಮೂರು. ಗಿಳಿಗೂಟದ ಚೀಲ ಮತ್ತೆ ತೂಗಾಡಿತು. ನಾಲ್ಕಕ್ಕೆ ಸರಿಯಾಗಿ ಇವರು ಮಂಚದ ಪಕ್ಕ ಮಂಡಿಯೂರಿದ್ದರು. ಐದಕ್ಕೆ ಅಂಬುವಿನ ಕೈ ಹಿಡಿದರು, ಅವಳ ಬೆರಳುಗಳು ಅವರ ಹೆಬ್ಬೆರಳನ್ನು ಸುತ್ತಿಕೊಂಡವು. ಆರಕ್ಕೆ ಅಂಗೈಯನ್ನು ಅವಳ ಹಣೆಯ ಮೇಲಿಟ್ಟರು. ಕೈ ತೆಗೆದು ನೋಡಿಕೊಂಡರು. ಮತ್ತೆ ಇಟ್ಟರು. ಆಮೇಲೆ ನನ್ನ ಕಡೆಗೆ ತಿರುಗಿದರು. ಮದುವೆಯ ವರ್ಷ ಗಾಜು ಹೊತ್ತು ತಂದ ದಿನ ಅವರ ಮುಖ ಹೀಗಿತ್ತು.

"ಜ್ವರ ಬಿಟ್ಟಿದೆ ಕಣೇ! ಬೆವರ್ತಿದಾಳೆ, ಬಾರೇ, ಬಂದು ಮುಟ್ಟಿ ನೋಡು!" ಎಂದರು.

ಅಷ್ಟರಲ್ಲಿ ನಾನು ಎಂಟು ಎಣಿಸಿದ್ದೆ.